ಲಾರಿ ಹೊಟ್ಟಿ ಕೆಳಗಿನ ಡಬ್ಬಿ

"ಮೊದಲು ಆ ಲಾರಿ ಡಬ್ಬಿ ಬದಲಿ ಮಾಡ್ಸ್ರಿ. ಜ್ಯಾಕ್ ಬಿದ್ದು ಯಾರ್ದರ ಕಾಲು ಮುರದೀತು."

ನನ್ನ ಹೆಂಡತಿ ನನಗೆ ಹೇಳಿದ ಕಡೀ ಮಾತು ಇದು. ರಾಯಚೂರಿನ ದವಾಖಾನ್ಯಾಗ ಹೇಳಿದಳು. ಹೂಂ ಅಂದೆ. ಚಹಾ ತರಾಕ ಹೋದೆ. ಬರೋದ್ರೊಳಗ ಹೋಗಿಬಿಟ್ಟಿದ್ದಳು.

ನಂದು ಪಕ್ಕಕ್ಕ ಹಲಗಿ ಇಲ್ಲದ ಸಪಾಟ ಲಾರಿ. ಭತ್ತ ಕೊಯ್ಯೋ ಮಷಿನ್ ಹೊತ್ತು ತಿರುಗುತ್ತದೆ. ನಟ್ಟು ಬಿಚ್ಚೋ ಪಾನಾ, ಜ್ಯಾಕ್ ಇಡುವ ಡಬ್ಬಿ ಹೊಟ್ಟಿ ಕೆಳಗೆ. ಅದರ ತಳ ತುಕ್ಕು ತಿಂದಿತ್ತು. ಪೋತ್ನಾಳಕ್ಕೆ ಹೋಗಿ ಬಂದರೆ ಎರಡು ಪಾನಾ ಕಡಿಮಿ. ಹೂಂ ಅಂದ ಮೇಲೆ ಗಟ್ಟಿ ಡಬ್ಬಿ ಹಾಕಿಸಲೇಬೇಕು. ಹಾಕಿಸಾಕ ಹೋದಲ್ಲೆಲ್ಲ ಒಂದಿಲ್ಲೊಂದು ಆಗಿಕೋತ ಬಂತು.

೧. ಮಾತಾಡಿಸಾಕ ಬಂದವರು

ಮೂರನೇ ದಿನ ಮಂದಿ ಮಾತಾಡಿಸಲು ಬಂದರು. ಕಡೀಗೆ ಏನಂದಳು ಅಂತ ಕೇಳಿದರು. ಹೇಳಿದೆ. ಹೆಂಡತಿಯ ತಮ್ಮ ಅಳೋದು ಬಿಟ್ಟು ಕಣ್ಣು ಒರೆಸಿಕೊಂಡ.

"ಮಾವಾ, ಪ್ಲಾಸ್ಟಿಕಿಂದು ಹಾಕ್ಸು. ಮಾನ್ವ್ಯಾಗ ಬಂದಾವ."

ಬಾಜೂ ಮನಿಯವ ಸುಮ್ಮನಿರಲಿಲ್ಲ. "ಪ್ಲಾಸ್ಟಿಕ್ ಏನ್ ಗಟ್ಟಿರೀ? ದೇವದುರ್ಗದಾಗ ವೆಲ್ಡಿಂಗ್ ಮಾಡ್ಸ್ರಿ."

ಇಬ್ಬರಿಗೂ ಜಗಳ ಹತ್ತಿತು. ಓಣಿಯ ಮುದುಕಿ ಬೈದಳು. "ಸತ್ತ ಮನ್ಯಾಗ ಏನ್ಲೇ ಇದು? ನಾಚಿಕಿ ಇಲ್ಲೇನು?" ಆಮೇಲೆ ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು: "ಯಪ್ಪಾ, ಡಬ್ಬಿಗೆ ಹಾಕೋ ಬೀಗದ್ದೇನರ ಹೇಳಿದಳೇನು?"

೨. ಗ್ಯಾರಂಟಿ

ರಾಯಚೂರಿನ ಅಂಗಡಿ. ಕರೀ ಬಣ್ಣದ ತಗಡಿನ ಡಬ್ಬಿ, ಮಿಂಚುತ್ತಿತ್ತು. ಬೆರಳಿಂದ ಬಡಿದು ನೋಡಿದೆ.

"ಬಡೀಬ್ಯಾಡ್ರಿ, ಬಣ್ಣ ಹೋಗ್ತದ" ಅಂದ ಅಂಗಡಿಯವ. "ಹನಿ ನೀರು ಒಳಗ ಹೋಗಂಗಿಲ್ಲ. ಐದು ವರ್ಷ ಗ್ಯಾರಂಟಿ."

"ಒಂದು ಕೊಡ ನೀರು ತರ್ರಿ. ಮ್ಯಾಲ ಸುರದು ನೋಡೋಣು."

ಅವ ಡಬ್ಬಿ ಹಿಂದಕ್ಕ ಎಳಕೊಂಡ.

"ನೀರು ಹಾಕಿದ್ರ ಗ್ಯಾರಂಟಿ ಹೋಗ್ತದ್ರೀ."

೩. ತಪ್ಪು ಯಾರದು

ಹೆಂಡತಿ ತಮ್ಮನ ಮಾತಿಗೆ ಮಾನ್ವಿಯಲ್ಲಿ ಪ್ಲಾಸ್ಟಿಕ್ ಡಬ್ಬಿ ಹಾಕಿಸಿದೆ. ಹಗುರ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಕ್ಕು ಹಿಡ್ಯಂಗಿಲ್ಲ" ಅಂದ ಮಾರಿದವ.

ರೈಸ್ ಮಿಲ್ಲಿನ ಅಂಗಳದಲ್ಲಿ ಲಾರಿ ಎರಡು ದಿನ ನಿಂತಿತು. ಡಬ್ಬಿಯಲ್ಲಿ ರೊಟ್ಟಿ ಗಂಟು ಇಟ್ಟಿದ್ದೆ. ಮಿಲ್ಲಿನ ಇಲಿ ಡಬ್ಬಿ ಮೂಲಿ ಕಡಿದು ಒಳಗೆ ಹೊಕ್ಕಿತ್ತು. ರೊಟ್ಟಿ ಇಲ್ಲ. ಊರು ಮುಟ್ಟೋದ್ರೊಳಗ ಆ ತೂತಿನಾಗಿಂದ ಎರಡು ಪಾನಾನೂ ಬಿದ್ದುಹೋದವು. ಡಬ್ಬಿ ಬಿಚ್ಚಿ ಅಂಗಡಿಗೆ ಒಯ್ದೆ.

ಅವ ತೂತಿನಾಗ ಕೈ ಹಾಕಿ, ಹೊರಳಿಸಿ ನೋಡಿದ.

"ತುಕ್ಕು ಹಿಡದದೇನು?"

"ಇಲ್ಲ."

"ಮತ್ತ ಮಾಲು ಚಲೋ ಅದ. ತಪ್ಪು ಇಲೀದು."

೪. ಜಾಲಹಳ್ಳಿ ರೋಡಿನ ಹಂಪು

ಕಡೀಗೆ ದೇವದುರ್ಗದ ವೆಲ್ಡಿಂಗ್ ಅಂಗಡಿಗೆ ಹೋದೆ. ಬೆರಳು ದಪ್ಪದ ಕಬ್ಬಿಣದ ಡಬ್ಬಿ ಮಾಡಿದ. ಎತ್ತಾಕ ನಾಕು ಮಂದಿ ಬೇಕಾದರು. "ಲಾರಿ ಹೋದ್ರೂ ಡಬ್ಬಿ ಉಳೀತದ" ಅಂದ. ತುಸು ತಗ್ಗಿಗೆ ಕೂತಿತು. ನಡೀತದ ಬಿಡು ಅಂದೆ.

ಜಾಲಹಳ್ಳಿ ರೋಡಿನಾಗ ಒಂದು ಊರು. ಗಾಡಿ ನಿಧಾನ ಹೋಗಲಿ ಅಂತ ಊರ ಮಂದಿ ತಾವೇ ರೋಡಿಗೆ ಅಡ್ಡ ಕಲ್ಲು, ಮಣ್ಣು ಹಾಕಿ ಹಂಪು ಮಾಡಿದ್ದರು. ಎಮ್ಮಿ ಮಲಗಿದಷ್ಟು ಎತ್ತರ. ಲಾರಿ ಹತ್ತಿತು. ಧಡ್ ಅಂತು.

ಇಳಿದು ಬಗ್ಗಿ ನೋಡಿದೆ. ಡಬ್ಬಿ ಚಿಲಕ ಅಲ್ಲಾಡಿಲ್ಲ. ಒಂದು ಪಾನಾನೂ ಬಿದ್ದಿಲ್ಲ. ಹಂಪು ಎರಡು ಹೋಳಾಗಿತ್ತು. ನನಗೆ ನಗು ಬಂತು. ಆಕಿ ಹೋದ ಮೇಲೆ ಅದೇ ಮೊದಲು.

ಮಂದಿ ಕೂಡಿದರು. "ಹಂಪು ಮುರದು ನಗ್ತೀಯೇನ್ಲೇ?"

ಒಬ್ಬ ಮುದುಕ ಮುಂದೆ ಬಂದ. "ಸಾಲಿ ಹುಡುಗ್ರು ಇಲ್ಲೇ ದಾಟ್ತಾವು. ನಾಳಿ ಮುಂಜಾನಿ ನೀನಽ ಬಂದು ಕಟ್ಟಿಕೊಡಬೇಕು ನೋಡು."

ಹೂಂ ಅಂದೆ.

ಮರುದಿನ ಮುಂಜಾನಿ ನಾಕು ಚೀಲ ಗರಸು ಮಣ್ಣು ಹಾಕ್ಕೊಂಡು ಹೋದೆ. ಲಾರಿ ಕೆಳಗೆ ತೂರಿ ಅಳೆದೆ. ನನ್ನ ಡಬ್ಬಿಗೂ ನೆಲಕ್ಕೂ ಒಂದು ಗೇಣು. ಗೇಣಿಗಿಂತ ಎರಡು ಬೆರಳು ಕಡಿಮಿ ಕಟ್ಟಿದೆ.

ಬಸ್ ಬಂತು. ಡ್ರೈವರ್ ಇಳಿದು ಬಗ್ಗಿ ನೋಡಿದ. "ಯಜಮಾನ್ರ, ಇನ್ನೆರಡು ಬೆರಳು ತಗ್ಗಿಸ್ರಿ, ನನ್ನ ಸೈಲೆನ್ಸರ್ ಹತ್ತತದ." ತಗ್ಗಿಸಿದೆ. ಕಾರಿನವ ಬಂದ. ಅವನೂ ಗೇಣು ಹಾಕಿ ನೋಡಿದ. "ಇನ್ನ ಮೂರು ಬೆರಳು." ತಗ್ಗಿಸಿದೆ. ಹಿಂಗ ಒಬ್ಬೊಬ್ಬರಿಗೆ ತಗ್ಗಿಸಿಕೋತ ಹೋಗಿ ಹಂಪು ರೋಡಿನ ಸಮ ಬಂತು.

ಮುದುಕ ಸಿಟ್ಟಿಗೆ ಬರತಾನ ಅಂದುಕೊಂಡೆ. ಅವ ರೋಡಿನ ಎರಡೂ ಕಡೆ ನೋಡಿದ. ಬಸ್, ಕಾರು, ಟ್ರ್ಯಾಕ್ಟರ್, ಎಲ್ಲಾ ಸಾಲಾಗಿ ನಿಂತಿದ್ದವು. ಡ್ರೈವರುಗಳು ಇಳಿದು ಬಗ್ಗಿದ್ದರು. ಹುಡುಗರು ನಡುವೆ ಆರಾಮ ದಾಟುತ್ತಿದ್ದರು.

"ಲೇ ಯಪ್ಪಾ, ಕಟ್ಟಿದ ಹಂಪಿಗೆ ಯಾರೂ ನಿಂದ್ರಲಿಲ್ಲ. ನೀ ಕಟ್ಟಾಕ ಕುಂತ್ರ ಎಲ್ಲಾರೂ ನಿಂದ್ರಾಕತ್ತಾರ. ಮುಗಸಬ್ಯಾಡ!"

ಸಾಲಿ ಗಂಟಿ ಹೊಡೆಯೋತನಕ ಹಾಕಿದ ಮಣ್ಣನ್ನೇ ತೆಗೆದು ಹಾಕಿಕೋತ ಕೂತೆ.