ಸಾಹೇಬರ ಸವಾರಿಗೊಂದು ಜೊತೆ ಬೂಟು

ನಮ್ಮ ಬಡಾವಣೆಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮೊದಲು ಫೋನ್ ಬರುವುದು ನನಗೆ. ಇಪ್ಪತ್ತಾರು ವರ್ಷದಿಂದ ಪ್ಲಂಬರ್ ನಾನು. ನಾನು ಬಿಗಿದ ಪೈಪಿನಿಂದ ಒಂದು ಹನಿ ಹೊರಬಂದದ್ದನ್ನು ಕಂಡವರಿಲ್ಲ. (ಇಬ್ಬರು ಕಂಡಿದ್ದಾರೆ. ಒಬ್ಬರು ಮನೆ ಬದಲಾಯಿಸಿದರು, ಇನ್ನೊಬ್ಬರಿಗೆ ಕಣ್ಣು ಅಷ್ಟು ಸರಿಯಿಲ್ಲ.) ಇಂಥ ಜಲಸ್ತಂಭನ ವಿದ್ಯಾಪಾರಂಗತ ಮೂರು ವಾರದಿಂದ ದಿನಾ ಬೆಳಿಗ್ಗೆ ಬೂಟಿನೊಳಗೆ ಅರ್ಧ ಲೋಟ ನೀರು ಹೊತ್ತುಕೊಂಡು ಮನೆಗೆ ಬರುತ್ತಿದ್ದ ಅಂದರೆ ನೀವು ನಂಬಬೇಕು.

ಕಾರಣ ನಮ್ಮ ಸಾಹೇಬ. ಸಾಹೇಬ ಅಂದರೆ ನಾಯಿ. ನನ್ನ ಗಿರಾಕಿಯೊಬ್ಬರು ಊರು ಬಿಡುವಾಗ "ಇವನನ್ನ ಏನು ಮಾಡೋದು?" ಎಂದು ಕಣ್ಣೀರು ಹಾಕಿದರಂತೆ, ನನ್ನ ಹೆಂಡತಿ ಹಗ್ಗ ಹಿಡಿದು ಎಳೆದುಕೊಂಡು ಬಂದೇಬಿಟ್ಟಳು. ನಾನು ಹೊಸ್ತಿಲಲ್ಲಿ ನಿಂತು ಘನಗಂಭೀರ ದನಿಯಲ್ಲಿ ಘೋಷಿಸಿದೆ: "ಈ ಮನೆಯಲ್ಲಿ ನಾನಿರಬೇಕು, ಇಲ್ಲ ನಾಯಿ ಇರಬೇಕು!" ಅವಳು ಯೋಚಿಸತೊಡಗಿದಳು. ಬಹಳ ಹೊತ್ತು ಯೋಚಿಸಿದಳು. ಆಮೇಲೆ ನಾನೇ ಒಳಗೆ ಹೋಗಿ ಅದಕ್ಕೊಂದು ಹಳೇ ತಟ್ಟೆ ಹುಡುಕಿ ತಂದೆ.

ಮೊದಮೊದಲು ವಾಕಿಂಗ್ ಅವಳದೇ. ಆಮೇಲೆ ಅವಳ ಮಂಡಿ ಊದಿಕೊಂಡಿತು, ಡಾಕ್ಟರು ಮಾರುಕಟ್ಟೆಗೆ ಹೋಗಿಬರುವುದಕ್ಕಿಂತ ಹೆಚ್ಚು ನಡೆಯಬಾರದು ಅಂದರು, ಹಗ್ಗ ನನ್ನ ಕೈಗೆ ಬಂತು. ಗೊಣಗಿಕೊಂಡೇ ಹೋದೆ. ಒಂದು ವಾರ ಗೊಣಗಿದೆ. ಎರಡನೇ ವಾರ, ಯಾರಿಗೂ ಹೇಳಬೇಡಿ, ನಾನೇ ಗಡಿಯಾರ ನೋಡಿಕೊಂಡು ಬೇಗ ಏಳತೊಡಗಿದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ನಾನು ಒಂದು ಬಿಸ್ಕತ್ತು, ಸಾಹೇಬರು ನಾಲ್ಕು ಬಿಸ್ಕತ್ತು. ಗಿರಾಕಿಗಳ ಮೇಲಿನ ನನ್ನ ದೂರುಗಳನ್ನೆಲ್ಲ ಅವನು ತಲೆ ವಾಲಿಸಿ ಕೇಳುತ್ತಿದ್ದ. ನಡುವೆ ಬಾಯಿ ಹಾಕಿ "ನಿಮ್ಮದೇ ತಪ್ಪಿರಬೇಕು" ಎಂದು ಒಂದು ದಿನವೂ ಅನ್ನಲಿಲ್ಲ. ಇಪ್ಪತ್ತೆರಡು ವರ್ಷದ ಸಂಸಾರಸ್ಥನಿಗೆ ಇದು ಹೊಸ ಅನುಭವ.

ಆದರೆ ಹೆಂಡತಿಯ ಎದುರು ಇದನ್ನು ಒಪ್ಪಿಕೊಳ್ಳುವುದು ಹೇಗೆ? ಘೋಷಣೆ ಮಾಡಿದವನಿಗೂ ಒಂದು ಮಾನ ಅಂತ ಇರುತ್ತದಲ್ಲ! ಹಾಗಾಗಿ ಮನೆಯೊಳಗೆ "ಈ ದರಿದ್ರ ನಾಯಿ" ಎನ್ನುವುದನ್ನು ಮಾತ್ರ ನಿಷ್ಠೆಯಿಂದ ಮುಂದುವರಿಸಿದ್ದೆ.

ಅಷ್ಟರಲ್ಲಿ ಚಳಿ ಬಿತ್ತು, ಅದರ ಹಿಂದೆಯೇ ಮಳೆ. ರಸ್ತೆಯ ನೀರು ಐಸಿನ ಹಾಗೆ ಕೊರೆಯುತ್ತಿತ್ತು. ನನ್ನ ಬೂಟು ಬಾಯಿ ಬಿಟ್ಟಿತು. ಮೂರು ವಾರದಲ್ಲಿ ಮೂರು ಸಲ ಜ್ವರ. ಮೂರನೇ ಜ್ವರ ಇಳಿದ ದಿನ ಹೆಂಡತಿ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಅವಳು ಕುರ್ಚಿ ಎಳೆದುಕೊಂಡಳು ಅಂದರೆ ತೀರ್ಪು ಬಂತು ಅಂತಲೇ.

"ಸಾಕು ರೀ. ನನ್ನ ತಮ್ಮ ಭಾನುವಾರ ಬರ್ತಾನೆ. ಅವನ ಗಿಡಗಳ ನರ್ಸರಿಯಲ್ಲಿ ಬೇಕಾದಷ್ಟು ಜಾಗ ಇದೆ. ಕರ್ಕೊಂಡು ಹೋಗ್ಲಿ."

ನಾನು ಧಡಕ್ಕನೆ ಎದ್ದು ಕೂತೆ. "ಯಾರನ್ನ?"

"ನಿಮ್ಮ ದರಿದ್ರ ನಾಯೀನ. ಖುಷಿ ತಾನೆ?"

"ಖುಷಿ ಅಂದ್ರೆ... ನಂಗೇನು? ಆದ್ರೆ ಜನ ಏನಂತಾರೆ? ಒಬ್ಬ ಪ್ಲಂಬರ್ ನೀರಿಗೆ ಹೆದರಿ ನಾಯಿ ಕೊಟ್ಟುಬಿಟ್ಟ ಅನ್ನಲ್ವಾ? ಒಂದು ಒಳ್ಳೇ ಬೂಟು ತಂದ್ರೆ ಆಯ್ತು."

ಅವಳು ನನ್ನ ಮುಖವನ್ನೇ ನೋಡಿದಳು. "ಸರಿ. ಭಾನುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಒಣ ಕಾಲಲ್ಲಿ ಮನೆಗೆ ಬಂದು ತೋರಿಸಿ. ಇವನು ಇಲ್ಲೇ ಇರ್ಲಿ. ಕಾಲು ಒದ್ದೆ ಆಗಿದ್ರೆ ತಮ್ಮನ ಗಾಡಿ ಹತ್ತಿಸ್ತೀನಿ."

ಆಗ ಬುಧವಾರ. ಗುರುವಾರ ಬೆಳಿಗ್ಗೆ ಬೂಟಿನ ಅಂಗಡಿ ಬಾಗಿಲು ತೆರೆಯುವಾಗ ನಾನು ಬಾಗಿಲಲ್ಲೇ ಇದ್ದೆ. ಅಂಗಡಿಯವರು ಹನ್ನೊಂದು ಜೊತೆ ಇಳಿಸಿದರು. ನಾನು ಒಂದೊಂದನ್ನೂ ತಲೆಕೆಳಗು ಮಾಡಿ, ಹೊಲಿಗೆಯ ಮೇಲೆ ಉಗುರು ಓಡಿಸಿ, ಒಳಗೆ ಕೈ ಹಾಕಿ, ಊದಿ, ಕಿವಿಗಿಟ್ಟು ಪರೀಕ್ಷಿಸಿದೆ.

"ಸಾರ್, ಕಾಲಿಗೆ ಹಾಕಿ ನೋಡಿ," ಎಂದರು ಅವರು, ಇನ್ನು ತಡೆಯಲಾರದೆ.

"ಕಾಲು ಆಮೇಲೆ. ಇದು ಸೋರಲ್ಲ ಅಂತ ಏನು ಗ್ಯಾರಂಟಿ?"

"ಕೆರೆಯಲ್ಲಿ ನಿಂತ್ರೂ ಒಂದು ಹನಿ ಒಳಗೆ ಬರಲ್ಲ ಸಾರ್. ಒಳಗೆಲ್ಲ ದಪ್ಪ ಉಣ್ಣೆ, ಕುರಿ ಅಪ್ಪಿಕೊಂಡ ಹಾಗೆ ಬೆಚ್ಚಗಿರುತ್ತೆ."

"ಒಂದು ಬಕೆಟ್ ನೀರು ಕೊಡಿ, ನೋಡೇಬಿಡೋಣ."

ಅವರು ಕೊಡಲಿಲ್ಲ. ಆದರೂ ಬೂಟು ನನಗೆ ಹಿಡಿಸಿತು, ಕೊಂಡು ಮನೆಗೆ ತಂದೆ. ಅಂಗಡಿಯವರ ಬಾಯಿಮಾತನ್ನು ನಂಬಿ ಸಾಹೇಬನ ಭವಿಷ್ಯವನ್ನು ಪಣಕ್ಕಿಡುವ ಆಸಾಮಿ ಮಾತ್ರ ನಾನಲ್ಲ. ನಮ್ಮ ಕಸುಬಿನಲ್ಲಿ ಒಂದು ಶಾಸ್ತ್ರವಿದೆ. ಹೊಸ ಪೈಪು ಹಾಕಿದ ಮೇಲೆ ಒಂದು ಕಡೆ ಮುಚ್ಚಿ, ಒಳಗೆ ನೀರು ತುಂಬಿ, ಒಂದು ರಾತ್ರಿ ಬಿಡಬೇಕು. ಹೊರಗೆ ತೇವ ಕಾಣದಿದ್ದರೆ ಪಾಸು. ಇಪ್ಪತ್ತಾರು ವರ್ಷದಲ್ಲಿ ಈ ಪರೀಕ್ಷೆ ನನಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಶುಕ್ರವಾರ ಸಂಜೆ ಬಚ್ಚಲುಮನೆಯಲ್ಲಿ ಪೇಪರು ಹಾಸಿ, ಎರಡೂ ಬೂಟು ನಿಲ್ಲಿಸಿ, ಕಂಠಪೂರ್ತಿ ನೀರು ತುಂಬಿದೆ. ಶನಿವಾರ ಬೆಳಿಗ್ಗೆ ನೋಡುತ್ತೇನೆ, ಪೇಪರು ಗರಿಗರಿ! ಆನಂದದಿಂದ ಕೂಗಿದೆ: "ಏ, ಬಾರೇ ಇಲ್ಲಿ! ಒಂದು ಹನಿ ಹೊರಗೆ ಬಂದಿದ್ರೆ ತೋರ್ಸು!"

ಅವಳು ಕುಂಟುತ್ತಾ ಬಂದು ಬಗ್ಗಿ ನೋಡಿದಳು. ಸಾಹೇಬನೂ ಬಂದು ಬಗ್ಗಿ ನೋಡಿದ, ಬಲಗಾಲಿನ ಬೂಟಿನಿಂದ ನಾಲ್ಕು ಗುಟುಕು ಕುಡಿದ.

"ರೀ," ಎಂದಳು ಬಹಳ ಮೆತ್ತಗೆ, "ನೀರು ಹೊರಗಿಂದ ಅಲ್ವಾ ಬರೋದು?"

ಆಗ ನನಗೆ ಹೊಳೆದದ್ದು ಇಷ್ಟು: ಹೊರಗಿನ ನೀರನ್ನು ಒಳಕ್ಕೆ ಬಿಡದ ಬೂಟು, ಒಳಗಿನ ನೀರನ್ನು ಹೊರಕ್ಕೂ ಬಿಡುವುದಿಲ್ಲ. ಕುರಿಯ ಉಣ್ಣೆ ರಾತ್ರಿಯಿಡೀ ನೀರು ಕುಡಿದು ತುಂಬು ಗರ್ಭಿಣಿಯಾಗಿತ್ತು. ಬಗ್ಗಿಸಿದೆ, ಹಿಂಡಿದೆ, ಒಲೆಯ ಪಕ್ಕ ಇಟ್ಟೆ, ಹೆಂಡತಿಯ ಕೂದಲು ಒಣಗಿಸುವ ಯಂತ್ರ ಹಿಡಿದು ಎರಡು ಗಂಟೆ ಕೂತೆ. ಯಂತ್ರ ಸುಟ್ಟ ವಾಸನೆ ಬಿಟ್ಟು ಪ್ರಾಣ ಬಿಟ್ಟಿತು. ಉಣ್ಣೆ ಮಾತ್ರ ಒತ್ತಿದರೆ ಇನ್ನೂ ಪಿಚಕ್ ಎನ್ನುತ್ತಿತ್ತು.

ಭಾನುವಾರ ಬೆಳಿಗ್ಗೆ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅದೇ ಬೂಟಿಗೆ ಇಳಿದೆ. ಇದೇ ಕೊನೆಯ ಸವಾರಿಯೋ ಏನೋ ಅಂದುಕೊಂಡು ಬೆಂಚಿನ ಮೇಲೆ ಸಾಹೇಬನಿಗೆ ಆರು ಬಿಸ್ಕತ್ತು ಕೊಟ್ಟೆ, ನಾನೊಂದೂ ತಿನ್ನಲಿಲ್ಲ. ಬರುವಾಗ ಹೆಬ್ಬೆರಳಿನ ಉಗುರು ತಾಗಿ ಎಡಗಾಲಿನ ಚೀಲ ಹರಿಯಿತು. ಬಲಗಾಲಿನದು ಒಗ್ಗಟ್ಟು ತೋರಿಸಿತು.

ಮನೆಗೆ ಬಂದರೆ ಭಾವಮೈದುನ ಆಗಲೇ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದಾನೆ. ಹೆಂಡತಿ ಕೈಕಟ್ಟಿಕೊಂಡು ನಿಂತಿದ್ದಾಳೆ.

"ತೆಗೀರಿ ಬೂಟು."

"ಆಮೇಲೆ ತೆಗೀತೀನಿ. ಈಗಷ್ಟೇ ಬೆಚ್ಚಗಾಗಿದೆ."

"ತೆಗೀರಿ ಅಂದೆ."

ತೆಗೆದೆ. ಎಡಗಾಲಿನಿಂದ ಒಂದು ಲೋಟ ನೀರು ಭಳಕ್ಕನೆ ನೆಲಕ್ಕೆ ಬಿದ್ದು, ಹರಿದು, ಭಾವಮೈದುನನ ಕಾಲ್ಬೆರಳು ಮುಟ್ಟಿತು. ಅವನು ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ.

"ಇದು ಸೋರಿದ್ದಲ್ಲ!" ಎಂದು ಕೂಗಿದೆ. "ಇದು ಶುಕ್ರವಾರದ ನೀರು! ಎಷ್ಟು ಗಟ್ಟಿ ಬೂಟು ನೋಡು, ಭಾನುವಾರದವರೆಗೂ ಇಟ್ಕೊಂಡಿದೆ!" ಎಂದವನೇ ಮೂರು ಸೀನು ಸೀನಿದೆ.

ಹೆಂಡತಿ ಸಾಹೇಬನ ಹಗ್ಗದ ಕಡೆ ಕೈ ಚಾಚಿದಳು. ಆಗ ನನ್ನ ಮಾನ, ಘೋಷಣೆ, ಇಪ್ಪತ್ತಾರು ವರ್ಷದ ಗಾಂಭೀರ್ಯ ಎಲ್ಲ ಆ ನೀರಿನ ಜೊತೆಗೇ ಹರಿದುಹೋಯಿತು. ಒದ್ದೆ ನೆಲದಲ್ಲೇ ಕೂತು ಸಾಹೇಬನ ಕತ್ತು ತಬ್ಬಿಕೊಂಡೆ.

"ಕರ್ಕೊಂಡು ಹೋಗೋದಾದ್ರೆ ನನ್ನನ್ನೂ ಕರ್ಕೊಂಡು ಹೋಗಪ್ಪಾ. ಇವನನ್ನ ಬಿಟ್ಟು ನಂಗೆ ಬೆಳಗಾಗಲ್ಲ."

ಭಾವಮೈದುನ ಕಾಫಿ ಲೋಟ ಕೆಳಗಿಟ್ಟ. "ಭಾವ, ನಿಜ ಹೇಳ್ಲಾ? ಅಕ್ಕ ಫೋನಲ್ಲಿ 'ನಂಗೆ ಸಾಕಾಗಿದೆ, ಬಂದು ಕರ್ಕೊಂಡು ಹೋಗು' ಅಂದಳು. ಯಾರನ್ನ ಅಂತ ಹೇಳ್ಲೇ ಇಲ್ಲ. ನೀವೇ ಇರ್ಬೇಕು ಅಂತ ಒಂದು ರೂಮು ಖಾಲಿ ಮಾಡಿಸಿ ಬಂದಿದೀನಿ. ನಾಯಿ ಅಂದಿದ್ರೆ ಬರ್ತಾನೇ ಇರ್ಲಿಲ್ಲ. ನಮ್ಮಲ್ಲಿ ಹದಿನಾಲ್ಕು ಬಾತುಕೋಳಿ ಇವೆ."

ಹೆಂಡತಿ ಉಸ್ಸೆಂದು ಕುರ್ಚಿಯಲ್ಲಿ ಕುಸಿದಳು. "ಅಬ್ಬಾ! ಬುಧವಾರದಿಂದ ಕಾಯ್ತಿದೀನಿ, ಈ ಮನುಷ್ಯ ಯಾವಾಗ ಬಾಯಿ ಬಿಡ್ತಾರೆ ಅಂತ. ಬಿಡದೇ ಹೋಗಿದ್ರೆ ಇವನನ್ನ ಹೇಗಪ್ಪಾ ಕಳಿಸೋದು ಅಂತ ನಂಗೆ ರಾತ್ರಿ ನಿದ್ದೆ ಇರ್ಲಿಲ್ಲ." ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಂತರ ಅದೇ ಸೆರಗಿನಿಂದ ಸಾಹೇಬನ ಮೂತಿಯನ್ನೂ ಒರೆಸಿದಳು. ನನಗೆ ಟವೆಲ್ಲು ಎಸೆದಳು.

"ಆದ್ರೆ ಬೂಟಿನ ವಿಷಯಕ್ಕೆ ಇನ್ಮೇಲೆ ನೀವು ಕೈ ಹಾಕ್ಬೇಡಿ," ಎಂದು ಚೀಲ ತೆಗೆದುಕೊಂಡು ಮಾರುಕಟ್ಟೆಗೆ ಹೊರಟಳು. ಮುಕ್ಕಾಲು ಗಂಟೆಯಲ್ಲಿ ಒಂದು ಜೊತೆ ಕರೀ ರಬ್ಬರ್ ಬೂಟು ತಂದು ಮುಂದಿಟ್ಟಳು.

"ಇದೆಲ್ಲಿ ಸಿಕ್ತು?"

"ಮೀನು ಅಂಗಡಿಯಾಕೆ ಹತ್ರ. ನಸುಕಿನಿಂದ ಮಧ್ಯಾಹ್ನದವರೆಗೆ ಐಸಿನ ನೀರಲ್ಲೇ ನಿಂತಿರ್ತಾಳೆ, ಒಂದು ದಿನ ಸೀನಿದ್ದು ನೋಡಿಲ್ಲ. ಕೇಳ್ದೆ. ಒಂದು ಸೈಜು ದೊಡ್ಡದು ಹಾಕ್ಬೇಕಂತೆ, ಒಳಗೆ ಎರಡು ಜೊತೆ ಉಣ್ಣೆ ಕಾಲುಚೀಲ. ಸಂಜೆ ಕಾಲುಚೀಲ ಮಾತ್ರ ತೆಗೆದು ಒಣಗಿಸೋದು. ಅವಳ ಗಂಡಂದು ಇನ್ನೊಂದು ಜೊತೆ ಇತ್ತು, ಕೊಟ್ಟಳು."

ಹನ್ನೊಂದು ಜೊತೆ ಬೂಟಿಗೆ ಕಿವಿಗೊಟ್ಟ ನನಗೆ ಹೊಳೆಯದ ಮಾತು ಇದು. ಮರುದಿನ ಬೆಳಿಗ್ಗೆ ಧೋ ಎಂದು ಸುರಿಯುವ ಮಳೆಯಲ್ಲಿ ಒಂದು ಗಂಟೆ ನಡೆದು ಬಂದೆ. ಕಾಲು ಬೆಚ್ಚಗೆ, ಒಣ ಒಣ. ಅದಕ್ಕಿಂತ ದೊಡ್ಡ ಪವಾಡ ಇನ್ನೊಂದು. ನನ್ನ ಕೈ ಕಿತ್ತುಬರುವಂತೆ ಮುಂದೆ ಎಳೆಯುತ್ತಿದ್ದ ಸಾಹೇಬ, ನನ್ನ ಹಿಮ್ಮಡಿಗೆ ಅಂಟಿಕೊಂಡು ಹೆಜ್ಜೆಗೆ ಹೆಜ್ಜೆ ಇಡುತ್ತ ಬಂದ. ಪಕ್ಕದ ಮನೆಯ ಮೇಷ್ಟ್ರು ಕೊಡೆ ಹಿಡಿದು ನಿಂತು ನೋಡಿದರು. "ಎಂಥಾ ವಿಧೇಯತೆ! ಹೇಗೆ ಕಲಿಸಿದ್ರಿ?"

"ಪ್ರೀತಿ ಮೇಷ್ಟ್ರೇ, ಪ್ರೀತಿ," ಎಂದೆ, ಎದೆಯುಬ್ಬಿಸಿ. ನನ್ನ ಹಿಂದೆ ಎರಡು ಬೆಕ್ಕುಗಳೂ ಅಷ್ಟೇ ವಿಧೇಯತೆಯಿಂದ ಬರುತ್ತಿರುವುದನ್ನು ಆಗಿನ್ನೂ ನಾನು ನೋಡಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ಮೂಗು ಮುಚ್ಚಿಕೊಂಡಳು. "ಅಯ್ಯೋ, ಇವನು ನಿಮ್ಮ ಹಿಂದೆ ಬರ್ತಿಲ್ಲ ರೀ, ಮೀನಿನ ವಾಸನೆ ಹಿಂದೆ ಬರ್ತಿದಾನೆ. ಕೊಡಿ ಇಲ್ಲಿ, ಸೋಪು ಹಾಕಿ ಉಜ್ಜಿಡ್ತೀನಿ."

ನಾನು ಕೆಳಗೆ ನೋಡಿದೆ. ಸಾಹೇಬ ನನ್ನ ಬೂಟಿನ ಮೇಲೆ ಗಲ್ಲವಿಟ್ಟು, ಕಣ್ಣು ಮುಚ್ಚಿ, ಪರಮಸುಖದಲ್ಲಿದ್ದ.

"ಗೊತ್ತಾಯ್ತು ಕಣೇ," ಎಂದೆ. "ಆದ್ರೂ ತೊಳೀಬೇಡ."