ಪಡಸಾಲೆಯ ಸ್ಕರ್ಟಿಂಗ್ ಪ್ರಸಂಗ

ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋದವನು ಹೋಳಿಗೆ ತಿಂದು ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಹರಪನಹಳ್ಳಿಯಲ್ಲಿ ತಿಪ್ಪೇಶಣ್ಣ ಕಟ್ಟಿಸಿದ ಮನೆಯ ನೆಲ ಸಪಾಟು. ಗೋಡೆಯ ಬುಡಕ್ಕೆ ಸುತ್ತಲೂ ಅಂದವಾದ ಸ್ಕರ್ಟಿಂಗ್ ಪಟ್ಟಿ. ನನ್ನ ಹೆಂಡತಿ ಶಿವಗಂಗಾ ತನ್ನ ಅಕ್ಕನ ಮನೆಯ ಆ ಪಟ್ಟಿಯನ್ನು ಕೂಸಿನ ಕೆನ್ನೆಯಂತೆ ಸವರುವುದನ್ನು ಕಂಡು ನನ್ನ ನಾಲಿಗೆ ತಡೆಯಲಿಲ್ಲ.

"ಇದೇನ್ ಮಹಾ! ನೀವು ಕೂಡ್ಲಿಗಿಗೆ ಬರೂದ್ರಾಗ ನಮ್ಮ ಪಡಸಾಲಿಗೆ ನಾನ ಹಾಕಿರ್ತೀನಿ!"

ಅದೂ ಮಾವನವರ ಕಡೆಯ ಅಷ್ಟೂ ಜನರ ಎದುರು. (ನಾನು ಬ್ಯಾಂಕಿನ ಕ್ಯಾಷಿಯರ್. ಸುತ್ತಿಗೆ ಹಿಡಿದದ್ದು ಕ್ಯಾಲೆಂಡರಿನ ಮೊಳೆಗೆ ಮಾತ್ರ.)

"ಹಂಗಾದ್ರೆ ಬರೋ ಅಮಾಸಿಗೆ ಬರ್ತೀವಿ" ಎಂದು ತಿಪ್ಪೇಶಣ್ಣ ಮೀಸೆಯಲ್ಲೇ ನಕ್ಕ. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಪಟ್ಟಿ ಕೂರದಿದ್ದರೆ ಮಾವನ ಮನೆಯ ಪ್ರತಿ ಮದುವೆಯ ಪಂಕ್ತಿಯಲ್ಲೂ ನಾನೇ ಉಪ್ಪಿನಕಾಯಿ.

ನಮ್ಮದು ಹಳೆಯ ಮನೆ, ಬಂಡೆಯ ನೆಲ. ಪ್ಲಾಸ್ಟಿಕ್ ಪಟ್ಟಿ, ಗೋಂದು ತಂದೆ. ಮಟ್ಟ ನೋಡಲು ರಸಮಟ್ಟವನ್ನೂ ಬೇಡಿ ತಂದೆ. ರಸಮಟ್ಟದ ಗುಳ್ಳೆ ನಡುವೆ ನಿಂತಾಗ ಪಟ್ಟಿ ದೇವರ ಕೋಣೆಯ ಕಡೆ ನೆಲಕ್ಕೆ ತಾಗುತ್ತಿತ್ತು. ಬೀದಿ ಕಡೆಯ ಮೂಲೆಯಲ್ಲಿ ಹಲ್ಲಿ ಸಕುಟುಂಬ ಸಪರಿವಾರ ಓಡಾಡುವಷ್ಟು ಸಂದು! ಪಟ್ಟಿಯನ್ನೇ ಓರೆ ಮಾಡಿದರೆ ಇಡೀ ಮನೆ ಬೀದಿಗೆ ಜಾರುತ್ತಿರುವಂತೆ ಕಾಣುತ್ತಿತ್ತು.

"ಯಾವ ಕುಡುಕ ಹಾಕ್ಯಾನ ಈ ನೆಲಾನ?" ಎಂದು ಗೊಣಗಿದೆ.

"ಹಾಲಸ್ವಾಮಿ ಮೇಸ್ತ್ರಿನ್ನ ಕರೀರಿ" ಎಂದಳು ಶಿವಗಂಗಾ.

"ಮಾತು ಕೊಟ್ಟಾಂವ ನಾನು!"

"ಕೊಟ್ಟಾವ್ರು ನೀವು. ಅಕ್ಕನ ಮುಂದ ಮಾರಿ ಮುಚ್ಚಿಕೊಳ್ಳಾಕಿ ನಾನು!"

ಮೊಬೈಲಿನಲ್ಲಿ ಉಪಾಯ ಸಿಕ್ಕಿತು. ಪಟ್ಟಿಯನ್ನು ಗೋಡೆಗೆ ಮಟ್ಟವಾಗಿ ಆನಿಸಿ, ಪೆನ್ಸಿಲನ್ನು ಮರದ ಚೂರಿನ ಮೇಲಿಟ್ಟು, ಆ ಚೂರನ್ನು ನೆಲದ ಮೇಲೆ ಎಳೆಯುತ್ತ ಹೋದರೆ ನೆಲದ ಉಬ್ಬುತಗ್ಗೆಲ್ಲ ಪಟ್ಟಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಗೆ ಸರಿಯಾಗಿ ಕೊಯ್ದೆ. ಬೆರಳನ್ನೂ ಕೊಯ್ದುಕೊಂಡೆ. ಪಟ್ಟಿ ಕೂತಿತು! ಉಳಿದದ್ದು ಬೀದಿ ಮೂಲೆಯಲ್ಲಿ ಗೋಡೆಯ ಬುಡದ ಒಂದು ತೂತು. ಅದಕ್ಕೊಂದು ಹಳೆಯ ಬಟ್ಟೆ ತುರುಕಿದ್ದರು. ಇಲಿಯ ಬಿಲವೆಂದು ಹಲ್ಲು ಕಡಿದು, ಅವ್ವ ಮತ್ತು ಶಿವಗಂಗಾ ಸಂತೆಗೆ ಹೋದಾಗ ಬಟ್ಟೆ ಕಿತ್ತು, ಬಿಳಿ ಸಿಮೆಂಟು ಗಿಡಿದು, ಮೇಲೆ ಪಟ್ಟಿ ಅಂಟಿಸಿದೆ. ಹುಟ್ಟಿದ ಮನೆಯಲ್ಲಿ ಒಂದು ದಿನವೂ ನೆಲ ತೊಳೆಯದವನಿಗೆ ಆ ತೂತಿನ ಮಹಿಮೆ ಹೇಗೆ ಗೊತ್ತಾಗಬೇಕು ಹೇಳಿ?

ಅಮಾವಾಸ್ಯೆ ಬಂತು. ನಾನು ಮಡಿ ಪಂಚೆಯುಟ್ಟು ಬೀದಿಯಲ್ಲಿ ಷಡ್ಡಕನ ಕಾರಿಗೆ ಕಾಯುತ್ತಿದ್ದೆ. ಒಳಗೆ ಅವ್ವ ಗಿಡ್ಡಮ್ಮ ಪ್ರತಿ ಅಮಾವಾಸ್ಯೆಯಂತೆ ಬಕೆಟ್‌ಗಟ್ಟಲೆ ನೀರು ಸುರಿದು ಪಡಸಾಲೆ ತೊಳೆಯುತ್ತಿದ್ದಳು. ತಿಪ್ಪೇಶಣ್ಣನೂ ಶಿವಗಂಗಾಳ ಅಕ್ಕನೂ ಕಾರಿನಿಂದ ಇಳಿಯುವುದಕ್ಕೂ ಒಳಗಿನಿಂದ ಕೂಗು ಕೇಳುವುದಕ್ಕೂ ಸರಿಹೋಯಿತು.

"ಲೇ ಗುರ್ಯಾ! ನೀರು ಹೊರಗ ಹೋಗೋ ತೂತು ಎಲ್ಲೈತೋ?"

"ಅದು ಇಲಿ ಬಿಲ ಅಲ್ಲೇನವ್ವಾ?"

"ನಿಮ್ಮಪ್ಪ ನಿಂತು ಮಾಡ್ಸಿದ್ದೋ! ನೀರು ಅಲ್ಲಿಗೆ ಹರೀಲಿ ಅಂತ ನೆಲಕ್ಕ ಇಳಿಜಾರು ಕೊಟ್ಟಾನ, ಕುಡದು ಕೊಟ್ಟಿಲ್ಲ!"

ಓಡಿದೆ. ಪಡಸಾಲೆ ಕೆರೆಯಾಗಿತ್ತು. ಗೋಂದು ಬಿಟ್ಟು ಪಟ್ಟಿಗಳು ಒಂದೊಂದಾಗಿ ತೇಲುತ್ತಿದ್ದವು. ಒಂದಂತೂ ಹೊಸ್ತಿಲವರೆಗೆ ಬಂದು ತಿಪ್ಪೇಶಣ್ಣನನ್ನು ಎದುರುಗೊಂಡಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇದ್ದೊಂದು ಬಾಯಿಯನ್ನೂ ನಾನೇ ಮುಚ್ಚಿದ್ದೆ! ಸ್ಕ್ರೂಡ್ರೈವರ್ ಹಿಡಿದು ಸಿಮೆಂಟಿಗೆ ಕುಟ್ಟಿದೆ. ಸ್ಕ್ರೂಡ್ರೈವರ್ ಬಾಗಿತು.

ತಿಪ್ಪೇಶಣ್ಣ ನಗಲಿಲ್ಲ. ಪ್ಯಾಂಟು ಮಡಚಿ, "ವೈಪರ್ ಐತೇನಮ್ಮಾ?" ಎಂದ.

"ನಮಗ ಅದ್ಯಾಕ ಬೇಕು ಭಾವ? ನೀರು ತಾನ ಹೋಗ್ತಿತ್ತು" ಎಂದಳು ಶಿವಗಂಗಾ, ನನ್ನನ್ನು ದುರುಗುಟ್ಟಿ.

ಅವನು ತೇಲುತ್ತಿದ್ದ ಪಟ್ಟಿಯೊಂದನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು ಸೊಂಟ ಬಗ್ಗಿಸಿ ನೀರನ್ನು ಹೊಸ್ತಿಲಾಚೆ ನೂಕತೊಡಗಿದ. ಎಂಥ ಪಳಗಿದ ಕೈ!

"ನಮ್ಮ ಮನೆ ನೆಲ ಸಪಾಟು ನೋಡು, ನೀರು ಹಾಕಿದ್ರೆ ನಿಂತಲ್ಲೇ ನಿಲ್ತತಿ" ಎಂದು ನನ್ನ ಕಿವಿಯಲ್ಲಿ ಉಸುರಿದ. "ದಿನಾ ನೂಕೋದು ನಾನೇ ಕಣೋ."

ಪಾಪ, ಉಸುರಿದ್ದು ಶಿವಗಂಗಾಗೂ ಕೇಳಿಸಿತು. ಅವಳು ಭಾವನನ್ನು ನೋಡಿದಳು, ಹೆಮ್ಮೆಯಿಂದ ನಿಂತ ಅಕ್ಕನನ್ನು ನೋಡಿದಳು, ಆಮೇಲೆ ನನ್ನನ್ನು.

ಮರುದಿನ ಬ್ಯಾಂಕಿನಿಂದ ಬಂದಾಗ ಬಾಗಿಲ ಹಿಂದೆ ಹೊಸ ವೈಪರ್ ನಿಂತಿತ್ತು.

"ಹಾಲಸ್ವಾಮಿನ್ನ ಈಗ ಕರಕೊಂಡ್ ಬರ್ತೀನಿ, ಆ ತೂತಿನ ಸಿಮೆಂಟು ಒಡಸೂಣು" ಎಂದು ಚಪ್ಪಲಿ ಮೆಟ್ಟಿದೆ.

"ಬ್ಯಾಡ ಬಿಡ್ರಿ" ಎಂದು ಶಿವಗಂಗಾ ವೈಪರನ್ನು ನನ್ನ ಕೈಗಿತ್ತಳು. "ನೀವು ಮಾಡಿದ್ದ್ರಾಗ ಗಟ್ಟಿ ನಿಂತದ್ದು ಅದೊಂದ ಐತಿ. ಅದನ್ಯಾಕ ಒಡಸೂದು?"