ಹಾವಿನ ತತ್ತಿಗೆ ನಾ ಕುಂತ ಕಾವು

ಮಂದಿ ಮನ್ಯಾಗ ನಗಿ ಹಬ್ಬಕ್ಕೋ ಹುಣ್ಣಿಮಿಗೋ ಬರ್ತೈತಿ. ನಮ್ಮ ಮನ್ಯಾಗ ಅದು ಚಪ್ಪಲಿ ಬಿಟ್ಟು ಒಳಗ ಬಂದು ಚಾಪಿ ಹಾಸಿಕೊಂಡು ಕುಂತೈತಿ, ಏಳಂಗಿಲ್ಲ. ನಾವು ಗೊಳಸಂಗಿಯವ್ರು, ಕುರಿ ಕೋಳಿ ಸಾಕ್ಕೊಂಡು ಬದುಕಿದ ಮಂದಿ. ನಾ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ. ಆದ್ರ ಕೋಳಿ ಕಾವಿಗೆ ಕೂಡ್ರಸೂದ್ರಾಗ ನನ್ನ ಸರಿಸಾಟಿ ಯಾರೂ ಇದ್ದಿಲ್ಲ. "ಆಯಿ ಇಟ್ಟ ತತ್ತಿ ಗೊಡ್ಡ ಹೋಗಂಗಿಲ್ಲ" ಅಂತಿತ್ತು ನನ್ನ ಆಯಿ, ಅಂದ್ರ ಅಜ್ಜಿ, ಅಂತ ಕರಿಯೂ ಊರು. ಆ ಹೆಸರಿಗೆ ಒಂದು ವರ್ಷ ಕುತ್ತು ಬಂತು. ಕೋಳಿಯಿಂದಲ್ಲ, ಹಾವಿನಿಂದ.

ಬಾಯಿ ತಪ್ಪಿ ಬಂದ ಮಾತು

ಮಿರಗದ ಮಳಿ ಬರೂಕಿಂತ ಮೊದಲ ತಿಪ್ಪಿ ಗೊಬ್ಬರ ಹೊಲಕ್ಕ ಹೇರಾಕತ್ತಿದ್ವಿ. ತಳದಾಗ ಬೆಳ್ಳಗ, ಉದ್ದಕ, ಮೆತ್ತಗಿನ ತತ್ತಿ ಸಿಕ್ಕುವು, ಹನ್ನೊಂದು. ಕೇರಿ ಹಾವೊಂದು ಸರ್ರಂತ ಬೇಲ್ಯಾಗ ನುಗ್ಗಿತು. ನನ್ನ ಮಗ ಸಲಿಕಿ ಎತ್ತಿದ.

"ತಡಿಯೋ! ಇಲಿ ಹಿಡದು ನಮ್ಮ ಜ್ವಾಳ ಕಾಯೂ ಜೀವ ಅದು. ತಿಪ್ಪಿ ನಾವು ಕೆಡವೇವಿ, ಈಗ ಅದರ ತತ್ತಿಗೆ ಮನಿ ಎಲ್ಲೈತಿ? ಕೊಡು ಇಲ್ಲೆ. ನಾ ಮರಿ ಮಾಡಿ ಬಿಡ್ತೇನಿ."

ಅವತ್ತ ನಾಲತವಾಡದಿಂದ ನಮ್ಮ ಬೀಗತಿ ಬಂದಿದ್ಳು, ಮಗನ ಹೆಂಡ್ತಿಯ ತಾಯಿ. ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲಿಯಾಕತ್ತಿದ್ಳು. ರೊಟ್ಟಿ ಬಡಿಯೂದರಿಂದ ಹಿಡದು ಕೌದಿ ಹೊಲಿಯೂತನಕ ನಮ್ಮಿಬ್ಬರ ನಡುವ ಪೈಪೋಟಿ ಇಲ್ಲದ ಕೆಲಸ ಇಲ್ಲ.

"ಇವು ಕೋಳಿ ತತ್ತಿ ಅಲ್ಲ ಬೀಗತ್ಯಾರ. ಎಲ್ಲಾ ಗೊಡ್ಡ ಹೋಗ್ತಾವ ನೋಡ್ರಿ."

"ಮರಿ ಆದ್ರ?"

"ಆದ್ರ ಅಂಟಿನುಂಡಿ ಕಟ್ಟಿಕೊಂಡು ಬಂದು ನಿಮ್ಮ ಬಾಣಂತಿತನ ಮಾಡ್ತೇನಿ. ಆಗದಿದ್ರ, ಇನ್ನ ಮ್ಯಾಲ ಕೋಳಿ ಕೂಡ್ರಸೂದು ನನ್ನ ಕೇಳಿ ಕೂಡ್ರಸ್ರಿ."

ಈ ಮಾತಿಗೆ ನನ್ನ ಎದ್ಯಾಗ ಬೆಂಕಿ ಬಿದ್ದಂಗಾತು. "ಆಗ್ಲಿ, ಉಂಡಿಗೆ ಬೆಲ್ಲ ತಂದಿಟ್ಟುಕೋರಿ" ಅಂದೆ.

ನಮ್ಮ ಮನಿಯವ್ರು ಬೀಡಿ ಆರಿಸಿ ಅಂದ್ರು, "ಹಡದಾಕಿ ಬೇಲ್ಯಾಗ ಅದಾಳ, ಬಾಣಂತಿ ತಿಪ್ಪ್ಯಾಗ ನಿಂತಾಳ. ನಡೀಲಿ."

ಎರಡು ದಾರ, ಒಂದು ಕಂಬಳಿ

ನಮ್ಮ ಅಳಿಯ ಇಂಡಿ ಊರಾಗ ಹೈಸ್ಕೂಲ್ ಮಾಸ್ತರ. ಅಲ್ಲಿ ನಿಂಬಿ ತ್ವಾಟದಾಗ ಹಾವು ಕಂಡ್ರ ಮಂದಿ ಅವ್ರನ್ನ ಕರೀತಾರ. ಸುದ್ದಿ ಮುಟ್ಟಿದ್ದ ತಡ, ಶಾಖ ನೋಡೂ ಗಾಜಿನ ಕಡ್ಡಿ ಹಿಡಕೊಂಡು ಬಂದ್ರು. ನನಗ ಅಂಕಿ ಓದಾಕ ಬರೂದಿಲ್ಲಂತ ಕಡ್ಡಿಗೆ ಮ್ಯಾಲೊಂದು ಕೆಂಪು ದಾರ, ಕೆಳಗೊಂದು ಕರೀ ದಾರ ಕಟ್ಟಿದ್ರು.

"ಅತ್ತಿ, ಒಳಗಿನ ಗೆರಿ ಕೆಂಪು ದಾರ ದಾಟಿದ್ರ ಮರಿ ಒಳಗ ಬೇಯ್ತಾವು. ಕರೀ ದಾರದ ಕೆಳಗ ಇಳಿದ್ರ ಬೆಳಿಯಂಗಿಲ್ಲ. ನಡುವ ಇರಬೇಕು."

"ಹಸಿ ಎಷ್ಟಿರಬೇಕ್ರಿ?"

"ಉಸುಕು, ತೆಂಗಿನ ನಾರು ತೋಯಿಸಿ ಹಿಂಡಬೇಕು. ಹಿಡಿಕಿ ಮಾಡಿದ್ರ ಮುದ್ದಿ ಆಗಬೇಕು, ನೀರು ಸೋರಬಾರದು."

"ರೊಟ್ಟಿ ಹಿಟ್ಟಿನಂಗ ಅನ್ರಿ."

"ಹೌದ್ರಿ. ಮುಚ್ಚಳದ ಒಳಗ ಬೆವರು ಮೂಡಬೇಕು, ಹನಿ ಆಗಿ ತತ್ತಿ ಮ್ಯಾಲ ಬೀಳಬಾರದು."

"ಮದುಮಗಳ ಮೂಗಿನ ಮ್ಯಾಲಿನ ಬೆವರಿನಂಗ" ಅಂದೆ. ಅಳಿಯ ನಕ್ಕು "ಇದನ್ನ ನಾ ಸಾಲ್ಯಾಗ ಹೇಳ್ತೇನಿ" ಅಂದ್ರು. ಮತ್ತೊಂದು ಮಾತು ಒತ್ತಿ ಹೇಳಿದ್ರು: ಕೋಳಿ ತನ್ನ ತತ್ತಿ ಹೊರಳಿಸ್ತೈತಿ, ಇವನ್ನ ಹೊರಳಿಸಿದ್ರ ಒಳಗಿನ ಮರಿ ಸಾಯ್ತೈತಿ. ಅದಕ್ಕ ನಾ ಒಂದೊಂದರ ನೆತ್ತಿ ಮ್ಯಾಲೂ ಕುಂಕುಮದ ಬೊಟ್ಟು ಇಟ್ಟೆ. ಬೊಟ್ಟು ಮ್ಯಾಲಿದ್ರ ತತ್ತಿ ಹೊರಳಿಲ್ಲಂತ ಗುರ್ತು.

ಈಗ ಜಾಗ ಬೇಕಲ್ಲ. ನಮ್ಮ ಕಡೆ ಬ್ಯಾಸಗಿ ಅಂದ್ರ ಹಂಚಿನ ಮ್ಯಾಲ ಕುಂತಂಗ. ಮನ್ಯಾಗ ತಂಪು ಜಾಗ ಒಂದ, ಕುಡಿಯೂ ನೀರಿನ ಹರವಿ ಪಕ್ಕದ ಮೂಲಿ. ಅಲ್ಲಿ ನಮ್ಮ ಮನಿಯವ್ರು ಮಧ್ಯಾಹ್ನ ಮಲಗತಿದ್ರು. ಅವ್ರನ್ನ ಎಬ್ಬಿಸಿ ತತ್ತಿ ಗಡಿಗಿ ಇಟ್ಟೆ, ಸುತ್ತ ಹಸಿ ಗೋಣಿ ತಟ್ಟು ಸುತ್ತಿದೆ. ಮುದುಕ ಪಡಸಾಲ್ಯಾಗ ಬೆವರು ಒರಿಸ್ಕೋತ ಗೊಣಗಿದ್ರು. ಆಮ್ಯಾಲ ಮಳಿ ಹಿಡೀತು. ಥಂಡಿ ಗಾಳಿಗೆ ಗೆರಿ ಕರೀ ದಾರದ ಕೆಳಗ ಜಾರಿತು. ಮನ್ಯಾಗ ಬೆಚ್ಚಗಿನ ಸಾಮಾನೂ ಒಂದ, ಅವ್ರ ಕಂಬಳಿ. ಎಳಕೊಂಡು ಗಡಿಗಿಗೆ ಹೊಚ್ಚಿದೆ.

"ಬಿಸಲಾಗ ತಂಪು ಕಸಗೊಂಡಿ, ಮಳ್ಯಾಗ ಕಂಬಳಿ ಕಸಗೊಂಡಿ" ಅಂದ್ರು ಅವ್ರು. "ಒಂದು ಕೆಲಸ ಮಾಡು, ನನ್ನ ನೆತ್ತಿಗೂ ಒಂದು ಬೊಟ್ಟು ಇಡು. ಹನ್ನೆರಡನೇ ತತ್ತಿ ಅಂತ ನನ್ನೂ ಆ ಗಡಿಗ್ಯಾಗ ಹಾಕು."

ಹನ್ನೊಂದು ಮಂದಿಗೆ ಜ್ವರ

ಆಗ ಮನಿಮನಿಗೆ ಫೋನ್ ಇರಲಿಲ್ಲ. ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಅಳಿಯಗ ವರದಿ ಕೊಡ್ತಿದ್ದೆ. ಲೈನ್ ಸರಿ ಇರಲಿಲ್ಲ, ಅದಕ್ಕ ಸ್ಟ್ಯಾಂಡಿನ ಮಂದಿಗೆಲ್ಲಾ ಕೇಳೂವಂಗ ಕೂಗಬೇಕಾಗ್ತಿತ್ತು.

"ನಿನ್ನೆ ಶಾಖ ಏರಿ ಕೆಂಪು ದಾರ ಮುಟ್ಟಿತ್ರಿ! ಹಸಿ ಅರಿವಿ ಹಾಕೇನಿ! ಈಗ ಬೆವರು ಬಿಟ್ಟೈತಿ, ಇಳದೈತಿ! ಹನ್ನೊಂದೂ ಅಲುಗಾಡದ ಮಲಗ್ಯಾವು!"

ಮನಿಗೆ ಬಂದು ಚಹಾ ಇಡೂದ್ರಾಗ ದವಾಖಾನಿ ನರ್ಸಬಾಯಿ ಚೀಲ ಹೊತ್ತು ಓಡಿ ಬಂದ್ಳು. "ಆಯಿ, ಒಂದ ಮನ್ಯಾಗ ಹನ್ನೊಂದು ಮಂದಿಗೆ ಜ್ವರ! ಮೊದಲ ಯಾಕ ಹೇಳಲಿಲ್ಲ? ಎಲ್ಲಿ ಪೇಶಂಟ್?"

ಗಡಿಗಿ ಮುಚ್ಚಳ ಸರಿಸಿ ತೋರಿಸಿದೆ. ಆಕಿ ಬಗ್ಗಿ ನೋಡಿದ್ಳು, ನನ್ನ ಮಾರಿ ನೋಡಿದ್ಳು, ಚೀಲ ಕೆಳಗ ಇಟ್ಟು ಉಸ್ಸಂತ ಕುಂತ್ಳು.

"ಸೂಜಿ ಎಲ್ಲಿ ಚುಚ್ಚಲಿ ಹೇಳು, ಆಯಿ."

ಬೊಟ್ಟಿಟ್ಟದ್ದ ತಪ್ಪಾತು

ಕುಂಕುಮ ಇಟ್ಟದ್ದು ಗುರ್ತಿಗೆ. ಆದ್ರ ನಮ್ಮ ಓಣಿ ಹೆಣ್ಮಕ್ಕಳು ಕುಂಕುಮ ಕಂಡಲ್ಲಿ ಕೈ ಮುಗಿಯೋರು. ಬಾಜೂ ಮನಿ ಹೊಸ ಸೊಸಿ ಒಂದಿನ ಮೊಸರು ಕೇಳಾಕ ಬಂದಾಕಿ ಗಡಿಗ್ಯಾಗ ಇಣುಕಿ, ನಾ ಹಿತ್ತಲದಾಗ ಇದ್ದಾಗ ಒಂದು ಚಮಚ ಹಾಲು ಎರದು ಹೋದ್ಳು. ನಾಕು ದಿನಕ್ಕ ಒಂದು ತತ್ತಿಗೆ ಹಸರು ಬೂಸ್ಟು ಹಿಡೀತು. ಅಳಿಯ ಬಂದು ಅದನ್ನ ತಗದು ಚೆಲ್ಲಿದ್ರು. "ಇನ್ನೊಂದು ಹನಿ ಹಾಲು ಬಿದ್ರೂ ಎಲ್ಲಾ ಹೋಗ್ತಾವು ಅತ್ತಿ" ಅಂದ್ರು.

ಸೊಸಿ ಹುಡುಗಿ ಅಳಾಕತ್ತಿದ್ಳು. "ಆಯಿ, ನಾ ದೇವರಂತ ಮಾಡೇನಿ."

"ಅಳಬ್ಯಾಡ, ನನ್ನವ್ವ. ಇನ್ನ ಮ್ಯಾಲ ಅವಕ್ಕ ಹಾಲು ಬ್ಯಾಡ, ನನಗ ಚಹಾಕ್ಕ ತಂದು ಕೊಡು" ಅಂದೆ.

ಸುದ್ದಿ ನಾಲತವಾಡ ಮುಟ್ಟಿತು. ಬೀಗತಿ ಹೇಳಿ ಕಳಿಸಿದ್ಳು, "ಒಂದು ಹೋತಂತ? ಉಳದವು ಅದರ ಬೆನ್ನ ಹತ್ತ್ಯಾವು. ನಾ ಬೆಲ್ಲ ಕೊಂಡಿಲ್ಲ."



ಅವ್ವನ ಪಾಲು

ಮುಂದ ಪಂಚಮಿ ಬಂತು. ನಮ್ಮ ಕಡೆ ನಾಗಪ್ಪಗ ಹಾಲು ಎರಿಯೂವಾಗ "ಅವ್ವನ ಪಾಲು, ಅಪ್ಪನ ಪಾಲು, ಅಣ್ಣನ ಪಾಲು" ಅಂತ ಒಬ್ಬೊಬ್ಬರ ಹೆಸರಿಲೆ ಎರೀತಾರ. ಪ್ರತಿವರ್ಷ ಹುತ್ತಕ್ಕ ಹೋಗೋರು ಆ ವರ್ಷ ಸೀದಾ ನಮ್ಮ ಮನಿಗೆ ಬಂದ್ರು. ಓಣಿಗೆ ಓಣಿ, ಕೈಯಾಗ ಹಾಲಿನ ತಂಬಿಗಿ, ಉಂಡಿ, ಜ್ವಾಳದ ಅಳ್ಳು. ಮನ್ಯಾಗ ನಾಗಪ್ಪನ ಸಂತಾನ ಇಟ್ಟುಕೊಂಡು ಹಬ್ಬದ ದಿನ ಹೆಣ್ಮಕ್ಕಳನ್ನ ಬಾಗಲದಾಗಿಂದ ಕಳಸೂದು ಹ್ಯಾಂಗ? ಒಳಗ ಬಿಟ್ರ ಹತ್ತೂ ತತ್ತಿ ಬೂಸ್ಟು.

ಗಡಿಗಿ ಮುಂದ ಕಾಲು ಮಡಚಿ ಕುಂತೆ.

"ಮೊದಲ ಯಾರ ಪಾಲು ಎರೀತೀರಿ?"

"ಅವ್ವನ ಪಾಲು, ಆಯಿ. ಗೊತ್ತಿಲ್ಲೇನು?"

"ಇವುಗಳ ಅವ್ವ ಯಾರು?"

ಒಬ್ಬಾಕಿ ತಿಪ್ಪಿ ಬೇಲಿ ಕಡೆ ಬೆರಳು ತೋರಿಸಿದ್ಳು.

"ತಂಪು ಯಾರು ಹಿಡದ್ರು? ಬೆಚ್ಚಗ ಯಾರು ಹೊಚ್ಚಿದ್ರು? ಈ ಬಸರು ಯಾರು ಹೊತ್ತಾರ? ತರ್ರಿ ಇಲ್ಲೆ ಅವ್ವನ ಪಾಲು!" ಅಂತ ಬೊಗಸಿ ಒಡ್ಡಿದೆ.

ಬಾಜೂ ಮನಿ ಸೊಸಿನ ಮೊದಲ ಮುಂದ ಬಂದ್ಳು. ಅವಳ ಹಿಂದ ಎಲ್ಲಾರೂ. ಓಣಿ ಹಾಲೆಲ್ಲಾ ಗಟಗಟ ಕುಡದೆ, ಉಂಡಿ ಉಡ್ಯಾಗ ತುಂಬಿಸಿಕೊಂಡೆ. ತತ್ತಿಗೆ ಒಂದು ಹನಿ ಬೀಳಲಿಲ್ಲ.

ಹಿಂದಿನಿಂದ ನಮ್ಮ ಮನಿಯವ್ರು ಕೇಳಿದ್ರು, "ಅಪ್ಪನ ಪಾಲು ಎಲ್ಲೈತ್ರವಾ?"

ಅಂಟಿನುಂಡಿ

ಪಂಚಮಿ ಆಗಿ ಸ್ವಲ್ಪ ದಿನಕ್ಕ, ಒಂದು ಮುಂಜಾನೆ ಮುಚ್ಚಳ ತಗದ್ರ ತತ್ತಿ ಮ್ಯಾಲ ಬ್ಲೇಡಿಲೆ ಕೊಯ್ದಂಗ ಸೀಳು. ಆ ಸೀಳಿನಾಗ ಜ್ವಾಳದ ಕಾಳಿನಷ್ಟು ಮೂಗು, ಎರಡು ದುಂಡನ ಕಣ್ಣು. ನನ್ನ ನೋಡಿತು, ಹೊರಗಿನ ಲೋಕ ಪಸಂದ ಬರಲಿಲ್ಲೇನೋ, ಮತ್ತ ಒಳಗ ಹೋತು. ಮರುದಿನ ಸಂಜಿ ಅನ್ನೂದ್ರಾಗ ಹತ್ತಕ್ಕ ಹತ್ತೂ ಹೊರಗ. ಒಂದೂ ಗೊಡ್ಡ ಇಲ್ಲ! ಅಳಿಯ ಬಂದು, ಇಬ್ಬರೂ ಕೂಡಿ ತಿಪ್ಪಿ ಬೇಲಿಗೆ ಬಿಟ್ಟುಬಂದ್ವಿ. ಗಡಿಗಿ ಖಾಲಿ ಆಗಿದ್ದಕ್ಕ ಕಣ್ಣಾಗ ನೀರು ಬಂತು, ಖರೇ. ಆದ್ರ ಎದಿ ಮಾತ್ರ ಬಾಗಲಷ್ಟು ಅಗಲ ಆಗಿತ್ತು. ಸೀದಾ ಬೂತಿಗೆ ಹೋಗಿ ನಾಲತವಾಡಕ್ಕ ಫೋನ್ ಹಚ್ಚಿಸಿದೆ. "ಬೀಗತ್ಯಾರ, ಬೆಲ್ಲ ತರ್ರಿ."

ಆಕಿದೂ ಮಾತಂದ್ರ ಮಾತು. ವಾರ ಅನ್ನೂದ್ರಾಗ ದೊಡ್ಡ ಡಬ್ಬಿ ತುಂಬ ಅಂಟಿನುಂಡಿ ಕಟ್ಟಿಕೊಂಡು, ಮುದ್ದೇಬಿಹಾಳದಾಗ ಬಸ್ ಬದಲಿಸಿ ಹೊಂಟ್ಳು. ತುಪ್ಪದ ವಾಸನಿಗೆ ಕಂಡಕ್ಟರ್ ಬಾಯಿ ಬಿಟ್ಟನಂತ.

"ಯಾರ ಬಾಣಂತಿತನ, ದೊಡ್ಡವ್ವ? ಮಗಳದೇನು?"

"ಅಲ್ಲ, ನಮ್ಮ ಬೀಗತಿದು."

"ಬೀಗತಿ? ವಯಸ್ಸೆಷ್ಟು?"

"ಅರವತ್ತು ದಾಟೈತಿ."

ಬಸ್ಸಿನಾಗ ಎಲ್ಲಾರೂ ಈ ಕಡೆ ತಿರುಗ್ಯಾರ. "ಎಂಥಾ ಕೂಸು?"

"ಒಂದಲ್ಲಪ್ಪ, ಹತ್ತು. ಹಾವು."

ಮುಂದ ಗೊಳಸಂಗಿ ತನಕ ಕಂಡಕ್ಟರ್ ಆ ಡಬ್ಬಿಯಿಂದ ಎರಡು ಸೀಟು ದೂರ ನಿಂತನಂತ.

ನಾ ಬೀಗತಿನ ಎದುರುಗೊಳ್ಳಾಕ ಬಸ್ ಸ್ಟ್ಯಾಂಡಿನಾಗ ನಿಂತಿದ್ದೆ, ಹೊಸ ಇಳಕಲ್ ಸೀರಿ ಉಟ್ಟು. ಆಕಿ ಇಳದು, ಅಷ್ಟು ಮಂದ್ಯಾಗ, ಡಬ್ಬಿ ನನ್ನ ಕೈಯಾಗ ಇಟ್ಟು "ಸೋತೆ ಬೀಗತ್ಯಾರ, ನಿಮ್ಮ ಕೈ ಖರೇನ ಕಾವಿನ ಕೈ" ಅಂದ್ಳು. ಬಸ್ಸಿನ ಒಂದೊಂದು ಕಿಡಕ್ಯಾಗೂ ಮೂರು ಮೂರು ತಲಿ. ನಾ ಇನ್ನೂ ಎದಿ ಸೆಟಿಸಿ ನಿಂತೆ.

ಕಂಡಕ್ಟರ್ ಸೀಟಿ ಊದಾಕ ಹೋದಾಂವ ನನ್ನ ಮ್ಯಾಲಿಂದ ಕೆಳಗ ನೋಡಿ, ಗಾಬರಿಯಾಗಿ ಕೂಗಿದ:

"ಏ ಆಯಿ, ಹತ್ತು ಹಡದಾಕಿ ಹಿಂಗ ಗಾಳ್ಯಾಗ ನಿಲ್ತಾರೇನು? ಮೊದಲ ಕಿವಿಗೆ ಅರಿವಿ ಕಟಗೋ!"